ಖಾಲಿ ಬಿಟ್ಟ ಜಾಗ
(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಐವತ್ತು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ನಿಂತು ಮಾತನಾಡುವುದು ನನ್ನ ಭಾಗ್ಯ. ಮಹೋತ್ಸವ ಸಮಿತಿಯವರು ಕರೆದಾಗ ಒಂದೇ ಷರತ್ತು ಹಾಕಿದರು: "ನಿಮ್ಮ ಕೆಲಸದ ಬಗ್ಗೆಯೇ ಹೇಳಿ, ಆದರೆ ಕಂಪ್ಯೂಟರ್ ಮುಟ್ಟದವರಿಗೂ ಅರ್ಥವಾಗಬೇಕು." ನನ್ನ ಕೆಲಸ ಡೇಟಾಬೇಸ್ ನೋಡಿಕೊಳ್ಳುವುದು. ಡೇಟಾಬೇಸ್ ಎಂದರೆ ಕಂಪ್ಯೂಟರಿನೊಳಗಿನ ರಿಜಿಸ್ಟರು ಎಂದುಕೊಳ್ಳಿ. ಆ ಕೆಲಸದಲ್ಲಿ ಬರುವ ಒಂದು ಚಿಕ್ಕ ಪ್ರಶ್ನೆಯನ್ನು ಇವತ್ತು ಆರಿಸಿಕೊಂಡಿದ್ದೇನೆ. ಎರಡು ಮಾತುಗಳನ್ನು ಒಟ್ಟಿಗೆ ಜೋಡಿಸಬೇಕಾಗಿದೆ, ಆದರೆ ಅವುಗಳಲ್ಲಿ ಒಂದು ಇಲ್ಲವೇ ಇಲ್ಲ. ಆಗ ಕಂಪ್ಯೂಟರ್ ಏನು ಮಾಡಬೇಕು?

ಪ್ರಶ್ನೆ ಚಿಕ್ಕದು. ಆದರೆ ನಿಮ್ಮ ರೇಷನ್ ಕಾರ್ಡಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ಪಹಣಿಯಲ್ಲಿ, ಮಕ್ಕಳ ಅಂಕಪಟ್ಟಿಯಲ್ಲಿ ಹೆಸರು ಸರಿಯಾಗಿ ಅಚ್ಚಾಗುವುದು ಇದಕ್ಕೆ ಯಾರೋ ಕೊಟ್ಟ ಉತ್ತರದ ಮೇಲೆ ನಿಂತಿದೆ.

ಶಿಕ್ಷಕರಿಗೆ ಈ ಪ್ರಶ್ನೆ ಹೊಸದಲ್ಲ. ಅಂಕಗಳ ವಹಿಯನ್ನು ನೆನೆಸಿಕೊಳ್ಳಿ. ಒಬ್ಬ ಹುಡುಗನ ಹೆಸರಿನ ಮುಂದೆ ಸೊನ್ನೆ ಇದೆ. ಇನ್ನೊಬ್ಬನ ಮುಂದೆ ಗೈರು ಎಂದಿದೆ. ಮೂರನೆಯವನ ಮುಂದೆ ಏನೂ ಇಲ್ಲ. ಸೊನ್ನೆ ಪಡೆದವನು ಪರೀಕ್ಷೆ ಬರೆದಿದ್ದಾನೆ, ಅಂಕ ಬಂದಿಲ್ಲ, ಅಷ್ಟೆ. ಗೈರಾದವನು ಪರೀಕ್ಷೆಗೆ ಬಂದೇ ಇಲ್ಲ. ಮೂರನೆಯವನ ಉತ್ತರಪತ್ರಿಕೆ ಇನ್ನೂ ತಿದ್ದಿಲ್ಲವೋ, ತಿದ್ದಿದ ಮೇಲೆ ಅಂಕ ಬರೆಯಲು ಮರೆತರೋ, ಅವನು ಆ ವಿಷಯವನ್ನೇ ತೆಗೆದುಕೊಂಡಿಲ್ಲವೋ, ವಹಿ ಹೇಳುವುದಿಲ್ಲ. ಮೂವರಿಗೂ ಸೊನ್ನೆ ಹಾಕಿ ಸರಾಸರಿ ತೆಗೆದರೆ ಯಾವ ಮೇಷ್ಟ್ರೂ ಒಪ್ಪುವುದಿಲ್ಲ.

ಅಕ್ಷರಗಳ ವಿಷಯದಲ್ಲೂ ಹೀಗೆಯೇ. ಅಡುಗೆಮನೆಯ ಡಬ್ಬವನ್ನು ತೆರೆದು ನೋಡಿದಿರಿ, ಒಳಗೆ ಏನೂ ಇಲ್ಲ. ಡಬ್ಬ ಖಾಲಿ ಎಂದು ಧೈರ್ಯವಾಗಿ ಹೇಳಬಹುದು. ಕಂಪ್ಯೂಟರಿನವರು ಇದನ್ನು ಖಾಲಿ ಸ್ಟ್ರಿಂಗ್ ಎನ್ನುತ್ತಾರೆ. ಸ್ಟ್ರಿಂಗ್ ಎಂದರೆ ಸಾಲಾಗಿ ಪೋಣಿಸಿದ ಅಕ್ಷರಗಳು. ಇನ್ನೊಂದು ಡಬ್ಬವನ್ನು ಯಾರೂ ತೆರೆದೇ ನೋಡಿಲ್ಲ. ಅದರಲ್ಲಿ ಸಕ್ಕರೆ ಇದೆಯೋ ಉಪ್ಪಿದೆಯೋ ಬರಿದಾಗಿದೆಯೋ ಗೊತ್ತಿಲ್ಲ. ಈ "ಗೊತ್ತಿಲ್ಲ" ಎಂಬುದಕ್ಕೆ ಇಟ್ಟ ಗುರುತಿಗೆ ನಲ್ ಎಂದು ಹೆಸರು. ಇದು ಬೀದಿ ಕೊನೆಯ ನಲ್ಲಿಯಲ್ಲ; ಆದರೆ ತಿರುಗಿಸಿದಾಗ ನೀರು ಬಾರದಿರುವ ಗುಣ ಎರಡಕ್ಕೂ ಇದೆ.

ಈ ನಲ್ ಎರಡು ದಾರಿಯಿಂದ ಬಂತು. 1965ರಲ್ಲಿ ಟೋನಿ ಹೋರ್ ಎಂಬ ಬ್ರಿಟಿಷ್ ವಿಜ್ಞಾನಿ ಆಲ್ಗಾಲ್ ಡಬ್ಲ್ಯು ಎಂಬ ಭಾಷೆಯನ್ನು ರೂಪಿಸುವಾಗ, "ಇಲ್ಲಿ ಯಾವ ವಸ್ತುವೂ ಇಲ್ಲ" ಎಂದು ತೋರಿಸಲು ನಲ್ ಇಟ್ಟರು. ಹಾಗೆ ಮಾಡುವುದು ಬಹಳ ಸುಲಭವಾಗಿತ್ತು ಎಂಬುದೇ ಕಾರಣ. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು ಕರೆದರು. ಅಷ್ಟು ಪ್ರೋಗ್ರಾಮುಗಳು ಅದರಿಂದ ಮುಗ್ಗರಿಸಿದ್ದವು.

ಎರಡನೆಯ ದಾರಿ ಡೇಟಾಬೇಸಿನದು. ಐಬಿಎಂ ಕಂಪನಿಯ ಎಡ್ಗರ್ ಕಾಡ್ 1970ರಲ್ಲಿ, ಮಾಹಿತಿಯನ್ನೆಲ್ಲ ಸಾಲು ಮತ್ತು ಕಾಲಂಗಳ ಪಟ್ಟಿಗಳಲ್ಲಿ ಇಡುವ ಪದ್ಧತಿಯನ್ನು ಮುಂದಿಟ್ಟರು. ಇವತ್ತಿನ ಬಹುಪಾಲು ಬ್ಯಾಂಕು, ಕಚೇರಿ, ರೈಲ್ವೆ ಲೆಕ್ಕಗಳು ಅದೇ ಪದ್ಧತಿಯಲ್ಲಿವೆ. ಪಟ್ಟಿ ಎಂದ ಮೇಲೆ ಕೆಲವು ಮನೆಗಳು ತುಂಬದೆ ಉಳಿಯುತ್ತವೆ. ಅದಕ್ಕಾಗಿ ಮುಂದಿನ ವರ್ಷಗಳಲ್ಲಿ ಅವರು ನಲ್ ಅನ್ನು ಸೇರಿಸಿಕೊಂಡರು. 1990ರಲ್ಲಿ ಬರೆದ ಪುಸ್ತಕದಲ್ಲಿ ಕಾಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದೇ ಗುರುತು ಸಾಲದು, ಎರಡು ಬೇಕು ಎಂದರು. ಮಾಹಿತಿ ಇರಬೇಕು ಆದರೆ ನಮಗೆ ಗೊತ್ತಿಲ್ಲ ಎಂಬುದಕ್ಕೆ ಒಂದು. ಆ ಪ್ರಶ್ನೆಯೇ ಇವರಿಗೆ ಅನ್ವಯಿಸುವುದಿಲ್ಲ ಎಂಬುದಕ್ಕೆ ಇನ್ನೊಂದು. ಬಳಕೆಯಲ್ಲಿರುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಮಾತ್ರ ಒಂದೇ ನಲ್ ಉಳಿಯಿತು. ಈ ಎರಡು ಗುರುತಿನ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಶಾಲೆಯ ರಿಜಿಸ್ಟರಿನಲ್ಲೇ ಅದು ಎದುರಾಗುತ್ತದೆ.

ಈಗ ಜೋಡಿಸುವ ವಿಷಯಕ್ಕೆ ಬರೋಣ. ನಮ್ಮ ಕಡೆ ಹೆಸರು ಬರೆಯುವ ರೀತಿ ನಿಮಗೆಲ್ಲ ಗೊತ್ತು. ಕೆಲವರಿಗೆ ಊರಿನ ಮತ್ತು ತಂದೆಯ ಹೆಸರಿನ ಎರಡು ಇನಿಷಿಯಲ್. ಕೆಲವರಿಗೆ ಒಂದು. ಕೆಲವರಿಗೆ ಮನೆತನದ ಹೆಸರು ಕೊನೆಗೆ. ಹಲವರಿಗೆ ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ಕಂಪ್ಯೂಟರಿನಲ್ಲಿ ಇನಿಷಿಯಲ್ಲಿಗೆ ಒಂದು ಕಾಲಂ, ಹೆಸರಿಗೆ ಒಂದು ಕಾಲಂ ಇಟ್ಟಿರುತ್ತಾರೆ. ಅಚ್ಚು ಹಾಕುವಾಗ ಇನಿಷಿಯಲ್, ಆಮೇಲೆ ಚುಕ್ಕಿ, ಆಮೇಲೆ ಹೆಸರು ಎಂದು ಜೋಡಿಸುತ್ತಾರೆ. ಶ ಎಂಬ ಇನಿಷಿಯಲ್ ಇದ್ದರೆ "ಶ. ಸಾವಿತ್ರಿ" ಎಂದು ಬರುತ್ತದೆ. ಇನಿಷಿಯಲ್ ಕಾಲಂ ನಲ್ ಆಗಿದ್ದರೆ?

ಲಗ್ನಪತ್ರಿಕೆಯ ಮೇಲೆ ಹೆಸರು ಬರೆಯಲು ನಾಲ್ಕು ಜನರನ್ನು ಕೂರಿಸಿದ್ದೀರಿ ಎಂದುಕೊಳ್ಳಿ. ಪಟ್ಟಿಯಲ್ಲಿ ಸಾವಿತ್ರಿ ಎಂದಿದೆ, ಇನಿಷಿಯಲ್ ಜಾಗ ಖಾಲಿ.

ಮೊದಲನೆಯವನು, "ಪೂರ್ತಿ ಹೆಸರು ಗೊತ್ತಿಲ್ಲದ ಮೇಲೆ ಏನು ಬರೆಯಲಿ" ಎಂದು ಲಕೋಟೆಯನ್ನು ಖಾಲಿ ಬಿಡುತ್ತಾನೆ. ಎಸ್‌ಕ್ಯೂಎಲ್ ಮಾನದಂಡ ಹೇಳುವುದು ಇದನ್ನೇ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ನಿಂತ ಗೆರೆಯಿಂದ ಜೋಡಿಸಿದರೂ, ಮೈಎಸ್‌ಕ್ಯೂಎಲ್‌ನ ಕಾನ್‌ಕ್ಯಾಟ್ ಬಳಸಿದರೂ ಒಂದು ಭಾಗ ನಲ್ ಆದರೆ ಇಡೀ ಉತ್ತರ ನಲ್. ಸಾವಿತ್ರಿ ಎಂಬ ಹೆಸರೂ ಮಾಯ.

ಎರಡನೆಯವನು ಇಲ್ಲದ್ದನ್ನು ಬಿಟ್ಟು ಇದ್ದದ್ದನ್ನು ಬರೆಯುತ್ತಾನೆ. ಆದರೆ ಚುಕ್ಕಿಯನ್ನು ಬಿಡುವುದಿಲ್ಲ. ". ಸಾವಿತ್ರಿ" ಎಂದಾಗುತ್ತದೆ. ಸಿ ಶಾರ್ಪ್ ಭಾಷೆ ಹೀಗೆ ಮಾಡುತ್ತದೆ. ಒರಾಕಲ್ ಕೂಡ ಹೀಗೆಯೇ. ಅದಂತೂ ಖಾಲಿ ಸ್ಟ್ರಿಂಗ್ ಅನ್ನೂ ನಲ್ ಎಂದೇ ಎಣಿಸುತ್ತದೆ, ತೆರೆದು ನೋಡಿದ ಡಬ್ಬಕ್ಕೂ ನೋಡದ ಡಬ್ಬಕ್ಕೂ ವ್ಯತ್ಯಾಸ ಇಡುವುದಿಲ್ಲ.

ಮೂರನೆಯವನು ಹೇಳಿದ್ದನ್ನು ಹಾಗೇ ಬರೆಯುವ ಆಸಾಮಿ. ನಲ್ ಎಂದಿದೆಯಲ್ಲ ಎಂದು "ನಲ್. ಸಾವಿತ್ರಿ" ಎಂದು ಬರೆದುಬಿಡುತ್ತಾನೆ. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಭಾಷೆಗಳಲ್ಲಿ ಕೂಡಿಸುವ ಗುರುತಿನಿಂದ ಜೋಡಿಸಿದರೆ ಹೀಗಾಗುತ್ತದೆ. ನಲ್ ಎಂಬ ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳು ಹೆಸರಿಗೆ ಅಂಟಿಕೊಂಡು ಬರುತ್ತವೆ. "ಪ್ರಿಯ ನಲ್ ಅವರೇ" ಎಂದು ಶುರುವಾಗುವ ಸಂದೇಶ ನಿಮ್ಮ ಫೋನಿಗೆ ಬಂದಿದ್ದರೆ, ಇಂಥದ್ದೇ ಏನೋ ನಡೆದಿದೆ ಎಂದು ತಿಳಿಯಿರಿ.

ನಾಲ್ಕನೆಯವನು ಪೆನ್ನು ಕೆಳಗಿಟ್ಟು, "ಇದನ್ನು ಹೇಗೆ ಬರೆಯಬೇಕೋ ಹೇಳಿ, ಅಲ್ಲಿವರೆಗೆ ಮುಂದೆ ಹೋಗುವುದಿಲ್ಲ" ಎನ್ನುತ್ತಾನೆ. ಪೈಥಾನ್ ಭಾಷೆಯವನು ಇವನು. ಅಲ್ಲಿ ನಲ್ ಬದಲು ನನ್ ಎಂಬ ಗುರುತಿದೆ. ಅದನ್ನು ಅಕ್ಷರಗಳಿಗೆ ಕೂಡಿಸಲು ಹೋದರೆ ಪ್ರೋಗ್ರಾಮ್ ದೋಷ ತೋರಿಸಿ ನಿಂತುಬಿಡುತ್ತದೆ. ನೂರು ಲಕೋಟೆಯ ಕೆಲಸ ಮೂರನೆಯದಕ್ಕೇ ನಿಲ್ಲಬಹುದು; ಆದರೆ ತಪ್ಪು ಹೆಸರಿನ ಲಕೋಟೆ ಯಾರ ಮನೆಗೂ ಹೋಗುವುದಿಲ್ಲ.

ನಾಲ್ವರಲ್ಲಿ ಯಾರು ಸರಿ? ಮೊದಲನೆಯವನದು ದಡ್ಡತನ ಎಂದು ಕಾಣುತ್ತದೆ, ಆದರೆ ಅವನ ತರ್ಕವೂ ಗಟ್ಟಿಯಾದದ್ದೇ. ಗೊತ್ತಿಲ್ಲದ ಮಾತಿಗೆ ಗೊತ್ತಿರುವ ಮಾತು ಸೇರಿಸಿದರೆ ಬರುವ ಪೂರ್ತಿ ಮಾತು ಗೊತ್ತಿರಲು ಹೇಗೆ ಸಾಧ್ಯ? ಅದೇ ತರ್ಕದಿಂದ ಎಸ್‌ಕ್ಯೂಎಲ್‌ನಲ್ಲಿ ಒಂದು ನಲ್ ಇನ್ನೊಂದು ನಲ್‌ಗೆ ಸಮ ಎಂದೂ ಆಗುವುದಿಲ್ಲ. ತಂದೆಯ ಹೆಸರು ತಿಳಿಯದ ಇಬ್ಬರು ಹುಡುಗರಿದ್ದಾರೆ ಎಂದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರು ಎನ್ನಲಾಗುತ್ತದೆಯೇ? ಈ ತರ್ಕ ಲೆಕ್ಕಕ್ಕೆ ಸರಿ. ಆದರೆ ಮನುಷ್ಯರ ಹೆಸರಿನ ಪಟ್ಟಿಗೆ ತಂದಾಗ ಏನಾಗುತ್ತದೆ ಎಂಬುದನ್ನು ಈ ಮಹೋತ್ಸವದ ತಯಾರಿಯಲ್ಲೇ ಕಂಡೆವು.

ಈ ಸಂಪುಟದ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪಟ್ಟಿ ಇದೆ. ಅದಕ್ಕಾಗಿ ನಮ್ಮ ಯುವಕ ಯುವತಿಯರು ದಾಖಲಾತಿ ವಹಿಗಳನ್ನು ಒಂದೊಂದಾಗಿ ತೆರೆದು, ಮಾಸಿದ ಮಸಿಯನ್ನು ಓದಿ, ರಾತ್ರಿ ಕೂತು ಕಂಪ್ಯೂಟರಿಗೆ ಹಾಕಿದರು. ಅವರ ಶ್ರಮಕ್ಕೆ ಎಷ್ಟು ಹೇಳಿದರೂ ಕಡಿಮೆ. ಮೊದಲ ಕರಡು ಬಂದಾಗ ಕೆಲವು ಸಾಲುಗಳಲ್ಲಿ ಕ್ರಮಸಂಖ್ಯೆ ಇತ್ತು, ಹೆಸರು ಇರಲಿಲ್ಲ. ವಹಿ ತೆಗೆದು ನೋಡಿದರೆ ಹೆಸರು ದುಂಡಗೆ ಬರೆದಿದೆ! ಇರದಿದ್ದದ್ದು ಇನಿಷಿಯಲ್ ಒಂದೇ. ಜೋಡಿಸುವ ಕಾನ್‌ಕ್ಯಾಟ್ ಆ ಒಂದು ಖಾಲಿಗಾಗಿ ಇಡೀ ಹೆಸರನ್ನು ನುಂಗಿತ್ತು. ದೋಷ ಎಂದು ಯಂತ್ರ ಕೂಗಲಿಲ್ಲ, ನಿಲ್ಲಲೂ ಇಲ್ಲ. ನಿವೃತ್ತ ಗುರುಗಳೊಬ್ಬರು ಕರಡಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದದಿದ್ದರೆ ಹಾಗೇ ಅಚ್ಚಾಗುತ್ತಿತ್ತು. ವಹಿಯಲ್ಲಿ ಯಾರ ಬಗ್ಗೆ ಕಡಿಮೆ ಬರೆದಿತ್ತೋ, ಅವರದೇ ಇದ್ದದ್ದೂ ಹೋಗುವುದರಲ್ಲಿತ್ತು.

ಹುಡುಗರು ಎರಡು ಕೆಲಸ ಮಾಡಿದರು. ಒಂದು, ಜೋಡಿಸುವ ಸೂತ್ರವನ್ನು ತಿದ್ದಿದರು. ಎರಡು, ಇನಿಷಿಯಲ್ ಇಲ್ಲದವರನ್ನು ಊರಲ್ಲಿ ಕೇಳಿಕೊಂಡು ಬಂದರು. ಎರಡನೆಯದೇ ದೊಡ್ಡ ಕೆಲಸ. ಕೆಲವರ ಇನಿಷಿಯಲ್ ನೆರೆಹೊರೆಯವರಿಂದ ಸಿಕ್ಕಿತು. ಅದು ಇತ್ತು, ವಹಿಗೆ ಗೊತ್ತಿರಲಿಲ್ಲ. ಒಬ್ಬ ಹಿರಿಯಕ್ಕ ಮಾತ್ರ, "ಇನಿಷಿಯಲ್ ಗಿನಿಷಿಯಲ್ ಏನೂ ಇಲ್ಲ ಕಣಪ್ಪ, ನನ್ನ ಹೆಸರೊಂದೇ ಬರ್ಕೊ" ಎಂದರಂತೆ. ಅವರ ಖಾಲಿ ಜಾಗ ಭರ್ತಿ ಆಗಬೇಕಾದದ್ದೇ ಅಲ್ಲ. ಕಾಡ್ ಕೇಳಿದ ಎರಡು ಗುರುತು ಇವೇ. ಹೊರಗಿನಿಂದ ನೋಡಿದರೆ ಎರಡೂ ಖಾಲಿ. ಹೋಗಿ ಕೇಳಿದವರಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಸೂತ್ರ ತಿದ್ದುವುದು ಹೇಗೆ ಎಂದು ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿಗಾಗಿ ಸ್ವಲ್ಪ ಹೇಳುತ್ತೇನೆ. ಎಸ್‌ಕ್ಯೂಎಲ್‌ನಲ್ಲಿ ಕೋಅಲೆಸ್ ಎಂಬ ಉಪಾಯವಿದೆ. ಅದಕ್ಕೆ ಒಂದು ಸಾಲು ಕೊಟ್ಟರೆ ಅದರಲ್ಲಿ ಮೊದಲು ಸಿಗುವ, ನಲ್ ಅಲ್ಲದ ಮಾತನ್ನು ತೆಗೆದುಕೊಡುತ್ತದೆ. "ಇನಿಷಿಯಲ್ ಇದ್ದರೆ ಅದು, ಇಲ್ಲದಿದ್ದರೆ ಖಾಲಿ ಸ್ಟ್ರಿಂಗ್" ಎಂದು ಅದರಿಂದ ಹೇಳಬಹುದು. ಆಗ ಹೆಸರು ಉಳಿಯುತ್ತದೆ, ಆದರೆ ಚುಕ್ಕಿ ಅನಾಥವಾಗಿ ಮುಂದೆ ನಿಲ್ಲುತ್ತದೆ. ಇದಕ್ಕೆ ಒಂದು ಚಂದದ ದಾರಿ ಇದೆ. ಮೊದಲು ಇನಿಷಿಯಲ್ ಮತ್ತು ಚುಕ್ಕಿಯನ್ನು ತಮ್ಮಷ್ಟಕ್ಕೆ ಜೋಡಿಸಿ. ಇನಿಷಿಯಲ್ ನಲ್ ಆಗಿದ್ದರೆ ಆ ಪುಟ್ಟ ಜೋಡಿಯೂ ನಲ್ ಆಗುತ್ತದೆ, ಚುಕ್ಕಿಯನ್ನೂ ನುಂಗುತ್ತದೆ. ಆ ಜೋಡಿಗೆ ಕೋಅಲೆಸ್ ಹಾಕಿ, ಆಮೇಲೆ ಹೆಸರು ಸೇರಿಸಿ. ಇಡೀ ಹೆಸರನ್ನು ನುಂಗಿದ ಗುಣವೇ ಇಲ್ಲಿ ಬೇಡದ ಚುಕ್ಕಿಯನ್ನು ತೆಗೆದುಹಾಕುವ ಆಳಾಗುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ಗಳಲ್ಲಿ ಇದು ನಡೆಯುತ್ತದೆ. ಒರಾಕಲ್‌ನಲ್ಲಿ ನಡೆಯದು, ಅಲ್ಲಿ ನಲ್ ಏನನ್ನೂ ನುಂಗುವುದಿಲ್ಲವಲ್ಲ.

ವಿಳಾಸಕ್ಕೆ ಬೇರೆ ಉಪಾಯ. ಮನೆ ಸಂಖ್ಯೆ, ಬೀದಿ, ಊರು, ತಾಲ್ಲೂಕು ಇವುಗಳ ನಡುವೆ ಅಲ್ಪವಿರಾಮ ಬೇಕು. ನಮ್ಮೂರಿನ ಎಷ್ಟೋ ಮನೆಗಳ ವಿಳಾಸದಲ್ಲಿ ಬೀದಿಯ ಹೆಸರೇ ಇರುವುದಿಲ್ಲ. ಕಾನ್‌ಕ್ಯಾಟ್ ಡಬ್ಲ್ಯುಎಸ್ ಎಂಬುದಕ್ಕೆ ನಡುವೆ ಹಾಕಬೇಕಾದ ಗುರುತನ್ನು ಮೊದಲೇ ಹೇಳಿದರೆ, ನಲ್ ಇರುವ ಭಾಗವನ್ನು ಅದರ ಅಲ್ಪವಿರಾಮದ ಸಮೇತ ದಾಟಿಹೋಗುತ್ತದೆ. ಆದರೆ ಅದು ದಾಟುವುದು ನಲ್ ಅನ್ನು ಮಾತ್ರ. ಬೀದಿಯ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಇದ್ದರೆ ಅದನ್ನೂ ಒಂದು ಭಾಗವೆಂದೇ ಎಣಿಸಿ ಎರಡು ಅಲ್ಪವಿರಾಮ ಒಟ್ಟಿಗೆ ಹಾಕುತ್ತದೆ. ಹಾಗಾಗಿ ಮೊದಲು ನಲ್‌ಇಫ್ ಎಂಬುದರಿಂದ ಖಾಲಿಯನ್ನು ನಲ್ ಮಾಡಿಕೊಳ್ಳಬೇಕು. ತೆರೆದ ಡಬ್ಬ, ತೆರೆಯದ ಡಬ್ಬ ಎಂದು ನಾನು ಅಷ್ಟು ಹೇಳಿದ್ದು ಇದಕ್ಕೇ.

ನಮ್ಮ ಗುರುಗಳು ದಿನವೂ ಬಳಸುವ ಎಕ್ಸೆಲ್‌ನಲ್ಲೂ ಇದೇ ಕಥೆ. ಅಲ್ಲಿ ಖಾಲಿ ಮನೆ ಹೆಸರನ್ನು ನುಂಗುವುದಿಲ್ಲ, ಆದರೆ ಚುಕ್ಕಿ, ಅಲ್ಪವಿರಾಮ ಉಳಿಯುತ್ತವೆ. 2019ರ ಆವೃತ್ತಿಯಿಂದ ಟೆಕ್ಸ್ಟ್‌ಜಾಯಿನ್ ಎಂಬ ಸೂತ್ರವಿದೆ. ಅದರ ಎರಡನೆಯ ಜಾಗದಲ್ಲಿ ಟ್ರೂ ಎಂದು ಕೊಟ್ಟರೆ ಖಾಲಿ ಮನೆಗಳನ್ನು ಬಿಟ್ಟು ಜೋಡಿಸುತ್ತದೆ.

ಇದೆಲ್ಲ ಅಚ್ಚಿನ ಅಂದಚಂದದ ಮಾತು ಎಂದು ತಿಳಿಯಬೇಡಿ. ಒಂದೇ ಹೆಸರಿನ ನಮ್ಮವರು ವಿದೇಶಕ್ಕೆ ಹೊರಟಾಗ ಈ ಖಾಲಿ ಜಾಗ ಗಡಿಯಲ್ಲಿ ಎದುರು ನಿಲ್ಲುತ್ತದೆ. ಪಾಸ್‌ಪೋರ್ಟಿನಲ್ಲಿ ಉಪನಾಮಕ್ಕೆ ಒಂದು ಜಾಗ, ಹೆಸರಿಗೆ ಒಂದು ಜಾಗ ಇದೆ. ಒಂದೇ ಹೆಸರಿದ್ದು, ಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಅಲ್ಲಿ ಎಫ್‌ಎನ್‌ಯು ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಚುಟುಕು ಅದು. ಆಮೇಲೆ ಅಲ್ಲಿನ ಬೇರೆ ಕಾಗದಪತ್ರಗಳಲ್ಲೂ ಅದೇ ಹೆಸರಾಗಿ ಕೂತು, ಜನ "ಫ್ನೂ" ಎಂದು ಕರೆಯುವವರೆಗೆ ಹೋಗುತ್ತದೆ. ಅವರ ಹೆಸರು ಗೊತ್ತಿಲ್ಲದ್ದೇನಲ್ಲ, ಎರಡನೆಯದು ಇಲ್ಲ, ಅಷ್ಟೆ. "ಇಲ್ಲ" ಎಂಬುದನ್ನು "ಗೊತ್ತಿಲ್ಲ" ಎಂದು ಬರೆದದ್ದರ ಫಲ. 2022ರ ನವೆಂಬರಿನಲ್ಲಿ ಯುಎಇ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಆಗಬಹುದು ಎಂದು ಆಮೇಲೆ ಸ್ಪಷ್ಟಪಡಿಸಿದರು.

ಖಾಲಿ ಬಿಡಬಾರದು ಎಂದು ಏನಾದರೊಂದು ತುಂಬಿದರೆ ಸರಿಯಾಗುತ್ತದೆಯೇ? ಅದು ಇನ್ನೂ ಕೆಟ್ಟದ್ದು. ಕೆಲವು ಅರ್ಜಿಗಳು ಜಾಗ ಖಾಲಿ ಇದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ಆಗ ಜನ ಒಂದು ಚುಕ್ಕಿ, ಒಂದು ಅಡ್ಡಗೆರೆ, ಎನ್‌ಎ, ಏನೋ ಒಂದನ್ನು ಹಾಕಿ ಪಾರಾಗುತ್ತಾರೆ. ಯಂತ್ರದ ಪಾಲಿಗೆ ಅದು ನಿಜವಾದ ಹೆಸರೇ. ಜೋಡಿಸಿ ಅಚ್ಚು ಹಾಕುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಕಂಪ್ಯೂಟರ್ ಭದ್ರತಾ ತಜ್ಞ ತಮಾಷೆಗೆ ತನ್ನ ಕಾರಿಗೆ ನಲ್ ಎಂಬ ನಂಬರ್ ಪ್ಲೇಟನ್ನೇ ತೆಗೆದುಕೊಂಡ. ಪ್ಲೇಟ್ ಸಂಖ್ಯೆ ಬರೆಯದ ಯಾರ ಯಾರದೋ ದಂಡದ ಚೀಟಿಗಳೆಲ್ಲ ಅವನ ಹೆಸರಿಗೆ ಬಂದು 12,000 ಡಾಲರಿಗೂ ಹೆಚ್ಚಾಯಿತು. 2019ರಲ್ಲಿ ಅವನೇ ಇದನ್ನು ಒಂದು ಸಮ್ಮೇಳನದಲ್ಲಿ ಹೇಳಿದ. ನಲ್ ಎಂಬ ಗುರುತೂ, ನಲ್ ಎಂಬ ನಾಲ್ಕಕ್ಷರದ ಪದವೂ ಬೇರೆ ಬೇರೆ ಎಂಬುದನ್ನು ಎಲ್ಲೋ ಯಾರೋ ಗಮನಿಸದೆ ಹೋದ ಪರಿಣಾಮ.

ಇಷ್ಟು ಹೇಳಿದ ಮೇಲೆ ಮೂರು ಮಾತು ಕೇಳಿಕೊಂಡು ಮುಗಿಸುತ್ತೇನೆ.

ವಹಿ ಬರೆಯುವ ಗುರುಗಳಲ್ಲಿ, ಕಚೇರಿಯ ಸಿಬ್ಬಂದಿಯಲ್ಲಿ ಒಂದು ವಿನಂತಿ. ಗೊತ್ತಿಲ್ಲದ್ದು ಬೇರೆ, ಇಲ್ಲದ್ದು ಬೇರೆ. ಎರಡಕ್ಕೂ ಒಂದೇ ಖಾಲಿ ಜಾಗ ಬಿಡಬೇಡಿ. ಮನಸ್ಸಿಗೆ ಬಂದದ್ದನ್ನು ತುಂಬಲೂಬೇಡಿ. ಷರಾ ಕಾಲಂನಲ್ಲಿ "ಇನಿಷಿಯಲ್ ಇಲ್ಲ" ಅಥವಾ "ವಿಚಾರಿಸಬೇಕು" ಎಂದು ಎರಡು ಪದ ಬರೆದರೆ ಐವತ್ತು ವರ್ಷದ ನಂತರ ವಹಿ ತೆರೆಯುವವರಿಗೆ ಅದು ದಾರಿ ತೋರಿಸುತ್ತದೆ.

ಊರಿನವರಲ್ಲಿ ಒಂದು ಮಾತು. ಯಾವ ಕಾರ್ಡಿಗೇ ಅರ್ಜಿ ಹಾಕಿ, ಹೆಸರಿನ ಭಾಗವನ್ನು ಎಲ್ಲ ಕಡೆ ಒಂದೇ ರೀತಿ ಬರೆಸಿ. ಕೈಗೆ ಬಂದ ಕಾಗದದಲ್ಲಿ ನಿಮ್ಮ ಹೆಸರನ್ನು ಅಲ್ಲೇ ನಿಂತು ಓದಿ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಕಂಪ್ಯೂಟರೇ ಹಾಗೆ ಬರೆದಿದೆ ಎಂದು ಯಾರಾದರೂ ಅಂದರೆ ಸುಮ್ಮನೆ ಬರಬೇಡಿ. ಇಲ್ಲದ್ದನ್ನು ಏನು ಮಾಡಬೇಕೆಂದು ಕಂಪ್ಯೂಟರಿಗೆ ಹೇಳಿದವರು ಮನುಷ್ಯರೇ, ತಿದ್ದಬೇಕಾದವರೂ ಮನುಷ್ಯರೇ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಮುಂದೆ ಇಂಥ ಪ್ರೋಗ್ರಾಮ್ ಬರೆಯುತ್ತೀರಿ. ಎಲ್ಲ ಕಾಲಂ ತುಂಬಿರುವ ಸಾಲನ್ನು ಹಾಕಿ ನೋಡಿ, ಸರಿ ಬಂತು ಎಂದು ಎದ್ದು ಬರಬೇಡಿ. ಒಂದು ಕಾಲಂ ಖಾಲಿ ಬಿಟ್ಟು ನೋಡಿ. ಎರಡು ಬಿಟ್ಟು ನೋಡಿ. ಒಂದೇ ಹೆಸರಿನವರನ್ನು, ಉಪನಾಮ ಇಲ್ಲದವರನ್ನು, ಬೀದಿಯ ಹೆಸರಿಲ್ಲದ ಮನೆಯವರನ್ನು ಹಾಕಿ ನೋಡಿ. ಅಂಥವರು ಎಲ್ಲಿದ್ದಾರೆ ಎಂದು ಹುಡುಕಬೇಕಾಗಿಲ್ಲ, ಈ ಸಭೆಯಲ್ಲೇ ಕೂತಿದ್ದಾರೆ. ನೀವು ಬರೆಯುವ ಸಾಲು ಅವರ ಹೆಸರನ್ನು ಉಳಿಸಬೇಕು.

ಸಂಪುಟದ ಪಟ್ಟಿಯಲ್ಲಿ ಈಗ ಎಲ್ಲ ಕ್ರಮಸಂಖ್ಯೆಗಳ ಮುಂದೆಯೂ ಹೆಸರಿದೆ. ಆ ಹಿರಿಯಕ್ಕನ ಹೆಸರೂ ಇದೆ, ಅವರು ಹೇಳಿದಂತೆಯೇ, ಹಿಂದೆ ಮುಂದೆ ಏನೂ ಇಲ್ಲದೆ.